ಅತಿಥಿ ಉಪನ್ಯಾಸಕರ ಮುಷ್ಕರ ಬಂದಾಗ ಸೆಮಿಸ್ಟರ್ ಉಳಿಸಿಕೊಳ್ಳುವುದು ಹೇಗೆ? ಬಳ್ಳಾರಿ, ರಾಯಚೂರು, ಕೊಪ್ಪಳದ ಡಿಗ್ರಿ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಸರ್ಕಾರಿ ಡಿಗ್ರಿ ಕಾಲೇಜಿನ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕಾರ ಅಂತ ಹೇಳಿದ ಕೂಡಲೇ ನಮ್ಮ ಕಡೆಯ ಹುಡುಗ ಹುಡುಗಿಯರು ಬ್ಯಾಗ್ ತುಂಬಿಕೊಂಡು ಊರಿಗೆ ಹೊರಡುತ್ತಾರೆ. 2021ರ ಡಿಸೆಂಬರ್‌ನಲ್ಲಿ ಹೀಗೇ ಆಯಿತು. 2023ರ ನವೆಂಬರ್ ಕೊನೆಗೆ ಮತ್ತೆ ಹೀಗೇ ಆಯಿತು. ಎರಡೂ ಸಲ ಮುಷ್ಕರ ಜನವರಿವರೆಗೆ ಎಳೆಯಿತು. ಆಮೇಲೆ ನನಗೆ ಬಂದ ಫೋನುಗಳೂ ಒಂದೇ ಥರ: "ಅಕ್ಕಾ, ಐಎ (ಆಂತರಿಕ ಮೌಲ್ಯಮಾಪನ) ಮಾರ್ಕ್ಸ್ ಬಂದಿಲ್ಲ." "ಅಕ್ಕಾ, ಅಟೆಂಡೆನ್ಸ್ ಶಾರ್ಟೇಜ್ ಅಂತಾರ, ಕ್ಲಾಸೇ ನಡೆದಿಲ್ಲಲ್ಲ?"

ಮೊದಲ ಸಲ ನಾನೂ ಊರಿಗೆ ಹೋದವಳೇ. ಬಿಎಸ್ಸಿ ಐದನೇ ಸೆಮಿಸ್ಟರ್. ಹತ್ತಿ ಬಿಡಿಸುವ ಹೊತ್ತು, ಮನೆಯಲ್ಲಿ ಕೈ ಬೇಕಿತ್ತು. ಪಾಠ ಮತ್ತೆ ಶುರುವಾಯಿತು ಅಂತ ನನಗೆ ಗೊತ್ತಾಗುವ ಹೊತ್ತಿಗೆ ಎರಡು ಟೆಸ್ಟ್ ಮುಗಿದಿದ್ದವು. ರೆಕಾರ್ಡ್ ಬುಕ್ಕಿಗೆ ಸಹಿ ಇರಲಿಲ್ಲ. ಒಂದು ಪೇಪರ್ ಬ್ಯಾಕ್‌ಲಾಗ್ ಆಯಿತು. 2023ರಲ್ಲಿ ನನ್ನ ತಂಗಿ ಅದೇ ಜಾಗದಲ್ಲಿ ನಿಂತಾಗ ಅವಳೂ ನಾಲ್ವರು ಗೆಳತಿಯರೂ ಕೆಳಗೆ ಹೇಳಿದ ಹಾಗೆ ಮಾಡಿದರು. ಐವರೂ ಪಾಸಾದರು.

ಅದರಿಂದ ನನಗೆ ತಿಳಿದದ್ದು ಇಷ್ಟು. ಪಾಠ ನಿಂತ ವಾರಗಳಿಗಿಂತ, ಪಾಠ ಮತ್ತೆ ಶುರುವಾದ ಮೇಲಿನ ಹದಿನೈದು ದಿನವೇ ವಿದ್ಯಾರ್ಥಿಗಳನ್ನು ಕೆಡವುತ್ತದೆ. ಟೆಸ್ಟು, ಅಸೈನ್‌ಮೆಂಟು, ಪ್ರಾಕ್ಟಿಕಲ್, ಹೆಚ್ಚುವರಿ ತರಗತಿ, ಪರೀಕ್ಷೆ ಫೀಸು ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಮುಷ್ಕರದ ದಿನಗಳಲ್ಲಿ ನೀವು ಮಾಡುವ ಪ್ರತಿ ಕೆಲಸವೂ ಆ ಹದಿನೈದು ದಿನಕ್ಕಾಗಿ ಇರಬೇಕು.

ಮೊದಲು ಕೈಯಲ್ಲಿ ಇರಬೇಕಾದವು

ಒಂದು ಫೈಲು. ಒಂದು 200 ಪುಟದ ನೋಟ್‌ಬುಕ್. ನಿಮ್ಮ ಸೆಮಿಸ್ಟರಿನ ಎಲ್ಲ ವಿಷಯಗಳ ಸಿಲಬಸ್, ಪ್ರಿಂಟ್ ಹಾಕಿಸಿದ್ದು. ಮೊಬೈಲಿನಲ್ಲಿ ಇದ್ದರೆ ಸಾಲದು, ಅದರ ಮೇಲೆ ಪೆನ್ನಿನಲ್ಲಿ ಗುರುತು ಹಾಕಬೇಕು. ಹಿಂದಿನ ಮೂರು ವರ್ಷದ ಪ್ರಶ್ನೆಪತ್ರಿಕೆ. ಕಾಲೇಜಿನ ಲೈಬ್ರರಿಯಲ್ಲಿ ಕೇಳಿ, ಇಲ್ಲದಿದ್ದರೆ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಬಹುಪಾಲು ಸಿಗುತ್ತವೆ.

ಯುಯುಸಿಎಂಎಸ್, ಅಂದರೆ ಅಡ್ಮಿಷನ್, ಪರೀಕ್ಷೆ ಅರ್ಜಿಯ ಸರ್ಕಾರಿ ಜಾಲತಾಣದ ಲಾಗಿನ್ ನಡೆಯುತ್ತಿದೆಯೇ ಅಂತ ಈಗಲೇ ನೋಡಿ. ಅಡ್ಮಿಷನ್ ದಿನ ಸೈಬರ್ ಅಂಗಡಿಯವರು ಪಾಸ್‌ವರ್ಡ್ ಹಾಕಿರುತ್ತಾರೆ, ನಮಗೆ ಗೊತ್ತೇ ಇರುವುದಿಲ್ಲ. ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ನಿಮ್ಮ ಹತ್ತಿರ ಇದೆಯೇ ನೋಡಿ. ಓಟಿಪಿ ಹೋಗುವ ಸಿಮ್ ಅಣ್ಣನ ಜೊತೆ ಬೆಂಗಳೂರಿನಲ್ಲಿದ್ದರೆ ಫೀಸು ಕಟ್ಟುವ ಕೊನೆಯ ದಿನ ಅಳುವುದೊಂದೇ ಉಳಿಯುತ್ತದೆ.

ನಿಮ್ಮ ನೋಂದಣಿ ಯಾವ ವಿಶ್ವವಿದ್ಯಾಲಯದಲ್ಲಿದೆ ಅನ್ನುವುದನ್ನೂ ಖಚಿತ ಮಾಡಿಕೊಳ್ಳಿ. ಬಳ್ಳಾರಿ ಜಿಲ್ಲೆಯವರದು ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ರಾಯಚೂರಿನವರದು ರಾಯಚೂರು ವಿಶ್ವವಿದ್ಯಾಲಯ, ಅಂದರೆ ಈಗಿನ ಮಹರ್ಷಿ ವಾಲ್ಮೀಕಿ ವಿಶ್ವವಿದ್ಯಾಲಯ. ಕೊಪ್ಪಳಕ್ಕೆ 2023ರಲ್ಲಿ ಹೊಸ ವಿಶ್ವವಿದ್ಯಾಲಯ ಬಂತು, ಅದಕ್ಕೂ ಮೊದಲು ಬಳ್ಳಾರಿಯ ಕೈಕೆಳಗಿತ್ತು. ಹಾಗಾಗಿ ಕೊಪ್ಪಳ ಜಿಲ್ಲೆಯ ಹಳೆ ಬ್ಯಾಚಿನವರು, ಬ್ಯಾಕ್‌ಲಾಗ್ ಇರುವವರು ಹಾಲ್ ಟಿಕೆಟ್ ಮೇಲಿನ ಹೆಸರು ಓದಿ. ತಪ್ಪು ವಿಶ್ವವಿದ್ಯಾಲಯಕ್ಕೆ ಮನವಿ ಬರೆದು ಎರಡು ವಾರ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಹಂತ 1: ಮುಷ್ಕರ ಬರುವ ಸುಳಿವು ಗುರುತಿಸಿ

ಮುಷ್ಕರ ಒಂದೇ ದಿನದಲ್ಲಿ ಬರುವುದಿಲ್ಲ. ಮೊದಲು ತಿಂಗಳುಗಟ್ಟಲೆ ಗೌರವಧನ ಬಾಕಿ ಉಳಿಯುತ್ತದೆ. ಆಮೇಲೆ ಜಿಲ್ಲಾಧಿಕಾರಿ ಕಚೇರಿ ಮುಂದೆ ಮನವಿ ಕೊಟ್ಟ ಫೋಟೋ ಪೇಪರಿನಲ್ಲಿ ಬರುತ್ತದೆ. ಒಂದು ದಿನ ಮೇಷ್ಟ್ರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಪಾಠ ಮಾಡುತ್ತಾರೆ. ಆಮೇಲೆ "ಇಂಥ ದಿನದೊಳಗೆ ಬೇಡಿಕೆ ಈಡೇರದಿದ್ದರೆ ತರಗತಿ ಬಹಿಷ್ಕಾರ" ಅಂತ ದಿನಾಂಕ ಬರುತ್ತದೆ. ಕಪ್ಪು ಪಟ್ಟಿ ಕಂಡ ದಿನವೇ ನೀವು ಹಂತ 2 ಶುರು ಮಾಡಬೇಕು.

ಅವರನ್ನೇ ಕೇಳಿ. ಹಿಂಜರಿಕೆ ಬೇಡ. "ಸರ್, ಬಹಿಷ್ಕಾರ ಸುರು ಆಗೂದ್ರಾಗ ಯಾವ ಯೂನಿಟ್ ಮಟ ಮುಗಸ್ತೀರ್ರಿ?" ಅಂದರೆ ಯಾರೂ ಬೈಯುವುದಿಲ್ಲ. ನಮ್ಮ ಫಿಸಿಕ್ಸ್ ಸರ್ ಆ ಪ್ರಶ್ನೆ ಕೇಳಿದ್ದಕ್ಕೆ ಎರಡು ದಿನ ಬೆಳಿಗ್ಗೆ ಎಂಟಕ್ಕೇ ಬಂದು ಒಂದು ಯೂನಿಟ್ ಮುಗಿಸಿಕೊಟ್ಟಿದ್ದರು.

ಹಂತ 2: ಯಾವ ಪಾಠ ನಿಲ್ಲುತ್ತದೆ, ಯಾವುದು ನಡೆಯುತ್ತದೆ ಅಂತ ಪಟ್ಟಿ ಮಾಡಿ

ಅತಿಥಿ ಉಪನ್ಯಾಸಕರು ಮುಷ್ಕರಕ್ಕೆ ಹೋದರೆ ಕಾಲೇಜು ಮುಚ್ಚುವುದಿಲ್ಲ. ಖಾಯಂ ಉಪನ್ಯಾಸಕರ ತರಗತಿ ನಡೆಯುತ್ತಲೇ ಇರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಬಳ್ಳಾರಿ, ರಾಯಚೂರು ಊರೊಳಗಿನ ದೊಡ್ಡ ಕಾಲೇಜಿನಲ್ಲಿ ಖಾಯಂ ಸಿಬ್ಬಂದಿ ಒಂದಿಷ್ಟು ಜನ ಇರುತ್ತಾರೆ. ತಾಲೂಕು, ಹೋಬಳಿ ಕಡೆ ಹೋದಷ್ಟೂ ಕಡಿಮೆ. ಕೆಲವು ಕಡೆ ಒಂದು ವಿಭಾಗ ಪೂರ್ತಿ ಅತಿಥಿ ಉಪನ್ಯಾಸಕರ ಮೇಲೇ ನಿಂತಿರುತ್ತದೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಗೆರೆ ಹಾಕಿ. ಒಂದು ಸಾಲಿಗೆ ಒಂದು ವಿಷಯ. ಪಾಠ ಮಾಡುವವರು ಖಾಯಮ್ಮೋ ಅತಿಥಿಯೋ, ಎಷ್ಟು ಯೂನಿಟ್ ಮುಗಿದಿದೆ, ಟೆಸ್ಟ್ ಎಷ್ಟು ಆಗಿದೆ, ಪ್ರಾಕ್ಟಿಕಲ್ ಇದೆಯೋ ಇಲ್ಲವೋ. ಅರ್ಧ ಗಂಟೆ ಕೆಲಸ.

ನಾಲ್ಕು ಕ್ರೆಡಿಟ್ಟಿನ ಥಿಯರಿ ಪೇಪರಿಗೆ ವಾರಕ್ಕೆ ನಾಲ್ಕು ತಾಸು ಪಾಠ ಇರುತ್ತದೆ. ಮುಷ್ಕರ ಐದು ವಾರ ನಡೆದರೆ ಆ ಒಂದು ವಿಷಯದಲ್ಲೇ 20 ತಾಸು ಹೋಯಿತು. ಅಂಥ ವಿಷಯ ಮೂರು ಇದ್ದರೆ 60 ತಾಸು. ಆಮೇಲೆ ಭಾನುವಾರ ಪಾಠ ಮಾಡಿ ಇದನ್ನೆಲ್ಲ ತುಂಬಲು ಆಗುವುದಿಲ್ಲ, ಯಾರು ಎಷ್ಟೇ ಭರವಸೆ ಕೊಟ್ಟರೂ. ಸುಮಾರು ಅರ್ಧ ಭಾಗ ನೀವೇ ಓದಿಕೊಳ್ಳಬೇಕಾಗುತ್ತದೆ ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಹಂತ 3: ಕೊನೆಯ ತರಗತಿಗೆ ಮುಂಚೆ ಮೂರು ಕೆಲಸ

ಮೊದಲನೆಯದು, ಮುಗಿದ ಪಾಠದ ಗುರುತು. ಸಿಲಬಸ್ ಹಾಳೆ ಹಿಡಿದುಕೊಂಡು ಹೋಗಿ. ಎಲ್ಲಿವರೆಗೆ ಮುಗಿಯಿತು ಅಂತ ಉಪನ್ಯಾಸಕರಿಂದಲೇ ಗೆರೆ ಎಳೆಸಿ, ದಿನಾಂಕ ಬರೆಸಿಕೊಳ್ಳಿ. ಮುಷ್ಕರ ಮುಗಿದ ಮೇಲೆ ಬೇರೆಯವರೇ ಪಾಠಕ್ಕೆ ಬರಬಹುದು. ಆಗ "ಇದು ಆಗಿದೆ ಅಂದ್ರಲ್ಲ" ಅನ್ನುವ ಗೊಂದಲ ಇರುವುದಿಲ್ಲ.

ಎರಡನೆಯದು, ಐಎ ಅಂಕ. ಆಗಿಹೋದ ಟೆಸ್ಟಿನ ಉತ್ತರ ಪತ್ರಿಕೆ ಕೇಳಿ ನೋಡಿ, ಅಂಕದ ಫೋಟೋ ತೆಗೆದುಕೊಳ್ಳಿ. ಕೊಟ್ಟ ಅಸೈನ್‌ಮೆಂಟ್ ಅವರ ರಿಜಿಸ್ಟರಿನಲ್ಲಿ ಸೇರಿದೆಯೇ ಕೇಳಿ. ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪದ್ಧತಿಯ ಬ್ಯಾಚಿಗೆ ಆಂತರಿಕ ಅಂಕ 40, ಪರೀಕ್ಷೆ 60. ಮೂರು ವರ್ಷದ ಪದವಿಗೆ ಮರಳಿದ, 2024-25ರಿಂದ ಸೇರಿದ ಬ್ಯಾಚಿಗೆ ಸಾಮಾನ್ಯವಾಗಿ 20 ಮತ್ತು 80. ನಿಮ್ಮದು ಯಾವುದು ಅಂತ ಸಿಲಬಸ್ಸಿನಲ್ಲೇ ಇರುತ್ತದೆ. 40 ಅಂಕದವರಿಗೆ ಐಎ ತಪ್ಪಿದರೆ ಪಾಸಾಗುವುದೇ ಕಷ್ಟ. 80 ಅಂಕದವರಿಗೆ ಓದದೆ ಬಿಟ್ಟ ಯೂನಿಟ್ಟೇ ಹೊಡೆತ ಕೊಡುತ್ತದೆ. ಯಾವ ಕಡೆ ಜಾಸ್ತಿ ಜೋರು ಹಾಕಬೇಕು ಅಂತ ಇದರ ಮೇಲೆ ತೀರ್ಮಾನ ಮಾಡಿ.

ಮೂರನೆಯದು ಬಿಎಸ್ಸಿ, ಬಿಸಿಎ ಓದುವವರಿಗೆ. ಮಾಡಿದ ಪ್ರಯೋಗಗಳಿಗೆ ರೆಕಾರ್ಡ್ ಬುಕ್ಕಿನಲ್ಲಿ ಸಹಿ ಹಾಕಿಸಿಕೊಳ್ಳಿ. "ಕೊನೆಗೆ ಎಲ್ಲ ಒಟ್ಟಿಗೆ ಹಾಕಿಸಿದರಾಯಿತು" ಅಂದುಕೊಂಡಿದ್ದೇ ನಾನು ಮಾಡಿದ ತಪ್ಪು. ನನಗೆ ಲ್ಯಾಬ್ ಮಾಡಿಸಿದ ಮೇಡಂ ಮುಷ್ಕರ ಮುಗಿದ ಮೇಲೆ ಆ ಕಾಲೇಜಿಗೆ ಮರಳಲಿಲ್ಲ. ಹೊಸಬರು ತಾವು ಮಾಡಿಸದ ಪ್ರಯೋಗಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಅವರದೂ ತಪ್ಪಲ್ಲ.

ಹಂತ 4: ಊರಿಗೆ ಹೋಗಬೇಡಿ, ಅಟೆಂಡೆನ್ಸ್ ಲೆಕ್ಕ ಇಡಿ

ಇದನ್ನು ನಿಧಾನವಾಗಿ ಓದಿ. ಸಾಮಾನ್ಯವಾಗಿ ಪರೀಕ್ಷೆಗೆ ಕೂರಲು 75 ಪರ್ಸೆಂಟ್ ಹಾಜರಿ ಬೇಕು. ನಡೆಯದ ತರಗತಿಗೆ ನಿಮ್ಮನ್ನು ಗೈರು ಅಂತ ಹಾಕುವ ಹಾಗಿಲ್ಲ, ಲೆಕ್ಕ ಇರುವುದು ನಡೆದ ತರಗತಿಗಳ ಮೇಲೆ. "ಹಾಗಾದ್ರೆ ಚಿಂತೆ ಇಲ್ಲ" ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಒಟ್ಟು ತರಗತಿ ಕಡಿಮೆ ಆದಷ್ಟೂ ನಿಮ್ಮ ಒಂದೊಂದು ಗೈರಿನ ತೂಕ ಜಾಸ್ತಿ ಆಗುತ್ತದೆ.

ಲೆಕ್ಕ ನೋಡಿ. ಒಂದು ವಿಷಯಕ್ಕೆ 56 ತರಗತಿ ನಡೆದರೆ 14 ತಪ್ಪಿಸಿದರೂ ಸರಿಯಾಗಿ 75 ಪರ್ಸೆಂಟ್ ಇರುತ್ತದೆ. ಮುಷ್ಕರದಿಂದ 36 ತರಗತಿ ಮಾತ್ರ ನಡೆದವು ಅನ್ನಿ. ಆಗ 9 ತಪ್ಪಿಸಬಹುದು, ಅಷ್ಟೇ. ಮುಷ್ಕರಕ್ಕೂ ಮುಂಚೆ ಜಾತ್ರೆ, ಮದುವೆ ಅಂತ 10 ತಪ್ಪಿಸಿದ್ದವರು ಆಗಲೇ ಶಾರ್ಟೇಜಿನಲ್ಲಿದ್ದಾರೆ. 26 ಭಾಗಿಸು 36 ಅಂದರೆ 72 ಪರ್ಸೆಂಟ್ ಚಿಲ್ಲರೆ. ಅವರಿಗೇ ಗೊತ್ತಿರುವುದಿಲ್ಲ.

ಹಾಗಾಗಿ ಖಾಯಂ ಉಪನ್ಯಾಸಕರ ಒಂದು ತರಗತಿ ಇದ್ದರೂ ಆ ದಿನ ಹೋಗಿ. ಪ್ರತಿ ದಿನ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ. ಯಾವ ತರಗತಿ ನಡೆಯಿತು, ಯಾವುದು ನಡೆಯಲಿಲ್ಲ. ಮುಂದೆ ಶಾರ್ಟೇಜ್ ಪಟ್ಟಿಯಲ್ಲಿ ನಿಮ್ಮ ಹೆಸರು ಬಂದರೆ ಮಾತಾಡಲು ಕೈಯಲ್ಲಿ ಇರುವುದು ಈ ಎರಡು ಸಾಲು ಮಾತ್ರ.

ಮನೆಯ ಕಷ್ಟ ನನಗೆ ಗೊತ್ತು. ಸಿಂಧನೂರು, ಗಂಗಾವತಿ ಕಡೆ ಆ ಹೊತ್ತಿಗೆ ಭತ್ತದ ಕೊಯ್ಲು, ರಾಯಚೂರು ಕಡೆ ಹತ್ತಿ. ಕೂಲಿ ಬರುವ ಕಾಲ. ಪೂರ್ತಿ ಹೋಗಬೇಡಿ ಅಂತ ಹೇಳುವ ಹಕ್ಕು ನನಗಿಲ್ಲ. ಹೋಗಲೇಬೇಕಾದರೆ ವಾರದಲ್ಲಿ ಎರಡು ದಿನವಾದರೂ ಕಾಲೇಜಿಗೆ ಬನ್ನಿ. ನೋಟಿಸ್ ಬೋರ್ಡಿನ ಫೋಟೋ ದಿನಾ ಕಳಿಸುವ ಒಬ್ಬ ಗೆಳತಿಯನ್ನು ಗೊತ್ತು ಮಾಡಿಕೊಳ್ಳಿ. ಹುಡುಗಿಯರಿಗೆ ಶಕ್ತಿ ಯೋಜನೆಯಿಂದ ಕೆಂಪು ಬಸ್ಸಿನ ಖರ್ಚಿಲ್ಲ. ಹುಡುಗರು ವಿದ್ಯಾರ್ಥಿ ಪಾಸ್ ಅವಧಿ ಮುಗಿದಿದೆಯೇ ನೋಡಿಕೊಳ್ಳಿ.

ಹಂತ 5: ಮನವಿ ಬರೆಯಿರಿ, ಸ್ವೀಕೃತಿ ಪಡೆಯಿರಿ

ಬಹಿಷ್ಕಾರ ಶುರುವಾಗಿ ಒಂದು ವಾರದೊಳಗೆ ಮನವಿ ಹೋಗಬೇಕು. ನಾನು ನೋಡಿದ ಮನವಿಗಳೆಲ್ಲ ಸೋತಿದ್ದು ಒಂದೇ ಕಾರಣಕ್ಕೆ. "ಮುಷ್ಕರ ಕೂಡಲೇ ಬಗೆಹರಿಸಬೇಕು" ಅಂತ ಪ್ರಾಂಶುಪಾಲರಿಗೆ ಬರೆದಿರುತ್ತಾರೆ. ಅದು ಪ್ರಾಂಶುಪಾಲರ ಕೈಯಲ್ಲಿಲ್ಲ. ಯಾರ ಕೈಯಲ್ಲಿ ಯಾವುದಿದೆಯೋ ಅವರಿಗೆ ಅದನ್ನೇ ಕೇಳಿ.

ಪ್ರಾಂಶುಪಾಲರ ಕೈಯಲ್ಲಿ ಇರುವುದು ಟೈಮ್ ಟೇಬಲ್ ಬದಲಾವಣೆ, ಖಾಯಂ ಉಪನ್ಯಾಸಕರಿಂದ ಬದಲಿ ತರಗತಿ, ಲ್ಯಾಬ್ ಮತ್ತು ಲೈಬ್ರರಿ ತೆರೆದಿಡುವುದು, ಐಎ ದಿನಾಂಕ. ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರ ಕೈಯಲ್ಲಿ ಇರುವುದು ಪರೀಕ್ಷೆ ದಿನಾಂಕ, ಫೀಸಿನ ಕೊನೆಯ ದಿನ, ಐಎ ಅಂಕ ಸಲ್ಲಿಸುವ ಗಡುವು. ಕಾಲೇಜು ಶಿಕ್ಷಣ ಇಲಾಖೆಯ ಕಲಬುರಗಿಯ ಜಂಟಿ ನಿರ್ದೇಶಕರ ಕಚೇರಿಗೆ ಕೇಳಬೇಕಾದ್ದು ಬದಲಿ ವ್ಯವಸ್ಥೆ ಮಾಡಿ ಅಂತ. ಈ ಕ್ರಮದಲ್ಲೇ ಹೋಗಿ. ಮೊದಲೇ ಜಿಲ್ಲಾಧಿಕಾರಿ ಹತ್ತಿರ ಹೋದರೆ "ಪ್ರಾಂಶುಪಾಲರಿಗೆ ಕೊಟ್ಟಿದ್ದೀರಾ?" ಅಂತಲೇ ಕೇಳುತ್ತಾರೆ.

ಬರೆಯುವ ರೀತಿ ಹೀಗಿರಲಿ:

"ಇವರಿಗೆ, ಪ್ರಾಂಶುಪಾಲರು.
ವಿಷಯ: ಐದನೇ ಸೆಮಿಸ್ಟರ್ ಬಿಎ ವಿದ್ಯಾರ್ಥಿಗಳ ಪಾಠ ಮತ್ತು ಆಂತರಿಕ ಪರೀಕ್ಷೆ ಕುರಿತು.
ಮಾನ್ಯರೇ, ಇಂಥ ದಿನಾಂಕದಿಂದ ನಮ್ಮ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ ತರಗತಿಗಳು ನಡೆದಿಲ್ಲ. ಅರ್ಥಶಾಸ್ತ್ರದಲ್ಲಿ ಐದರಲ್ಲಿ ಎರಡು ಯೂನಿಟ್, ರಾಜ್ಯಶಾಸ್ತ್ರದಲ್ಲಿ ಒಂದು ಯೂನಿಟ್ ಮುಗಿದಿದೆ. ಒಂದು ಆಂತರಿಕ ಟೆಸ್ಟ್ ಬಾಕಿ ಇದೆ. ದಯವಿಟ್ಟು, ಒಂದು, ವಾರಕ್ಕೆ ಎರಡು ಬದಲಿ ತರಗತಿ ಕೊಡಿಸಿ. ಎರಡು, ತರಗತಿ ಮತ್ತೆ ಶುರುವಾಗಿ ಕನಿಷ್ಠ ಹತ್ತು ದಿನದ ನಂತರ ಟೆಸ್ಟ್ ಇಡಿ. ಮೂರು, ಹಾಜರಿಯನ್ನು ನಡೆದ ತರಗತಿಗಳ ಮೇಲೆ ಮಾತ್ರ ಲೆಕ್ಕ ಹಾಕಿ ನೋಟಿಸ್ ಬೋರ್ಡಿನಲ್ಲಿ ಹಾಕಿಸಿ."

ಇಷ್ಟೇ. ಒಂದು ಪುಟ ದಾಟಬಾರದು. ಕೆಳಗೆ ಹೆಸರು, ರಿಜಿಸ್ಟರ್ ನಂಬರ್, ಸಹಿ. 30 ಜನರ ಸಹಿ ಇದ್ದರೆ ಒಬ್ಬರ ಮೇಲೆ ಕಣ್ಣು ಬೀಳುವುದಿಲ್ಲ.

ಎರಡು ಪ್ರತಿ ಒಯ್ಯಿರಿ. ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. "ಕೊಟ್ಟು ಹೋಗ್ರಿ, ನೋಡ್ತೀವಿ" ಅಂದರೆ ನಿಂತುಕೊಳ್ಳಿ. ಜಗಳ ಬೇಡ. "ಒಂದು ಸೀಲ್ ಹಾಕಿಕೊಡ್ರಿ ಸರ್, ಯೂನಿವರ್ಸಿಟಿಗೂ ಇದರದೇ ಕಾಪಿ ಕಳಸಬೇಕು" ಅನ್ನಿ. ಸೀಲಿಲ್ಲದ ಮನವಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ.

ಹತ್ತು ದಿನ ಕಾದರೂ ಏನೂ ಆಗದಿದ್ದರೆ ಅದೇ ಸೀಲಿನ ಪ್ರತಿ ಇಟ್ಟು ಕುಲಸಚಿವರಿಗೆ ಸ್ಪೀಡ್ ಪೋಸ್ಟ್ ಮಾಡಿ. ರಾಜ್ಯ ಸರ್ಕಾರದ ಜನಸ್ಪಂದನ 1902ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು. ಅವರು ಕೊಡುವ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಮನವಿಯಲ್ಲಿ ಅತಿಥಿ ಉಪನ್ಯಾಸಕರ ವಿರುದ್ಧ ಒಂದು ಮಾತೂ ಬರೆಯಬೇಡಿ. ಕೆಲವರು ನಿಮ್ಮಿಂದ ಹಾಗೆ ಬರೆಸಿಕೊಳ್ಳಲು ನೋಡುತ್ತಾರೆ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅಂತ ಗೊತ್ತಿಲ್ಲದೆ ಹತ್ತು ಹದಿನೈದು ವರ್ಷ ಪಾಠ ಮಾಡಿದವರು ಅವರು. 2022ರ ಜನವರಿಗೂ ಮುಂಚೆ ತಿಂಗಳಿಗೆ ಸಿಗುತ್ತಿದ್ದುದು 11 ರಿಂದ 13 ಸಾವಿರ. ಅವರ ಬೇಡಿಕೆಗೂ ನಿಮ್ಮ ಪಾಠಕ್ಕೂ ಉತ್ತರ ಕೊಡಬೇಕಾದವರು ಒಬ್ಬರೇ, ಸರ್ಕಾರ. ಮತ್ತೆ ನಾಳೆ ನಿಮಗೆ ಪಾಠ ಮಾಡಲು ಬರುವವರೂ ಅವರೇ, ಅಲ್ವಾ?

ಹಂತ 6: ಐದು ಜನರ ಗುಂಪು ಕಟ್ಟಿ ಓದಿ

ಒಬ್ಬರೇ ಓದಿದರೆ ಎರಡನೇ ವಾರಕ್ಕೆ ಕೈಬಿಡುತ್ತೀರಿ. ಹತ್ತು ಜನ ಸೇರಿದರೆ ಹರಟೆ ಆಗುತ್ತದೆ. ನಾಲ್ಕರಿಂದ ಆರು ಜನ ಸರಿ. ಒಂದೇ ಬಸ್ಸಿನಲ್ಲಿ ಬರುವವರಾದರೆ ಇನ್ನೂ ಒಳ್ಳೆಯದು. ತಂಗಿಯ ಗುಂಪು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಕಾಲೇಜಿನ ಖಾಲಿ ರೂಮಿನಲ್ಲಿ ಕೂರುತ್ತಿತ್ತು. ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ರೂಮಿಗೆ ಪ್ರಾಂಶುಪಾಲರ ಅನುಮತಿ ಕೇಳಿ, ಸುಮ್ನೆ ಹೋಗಿ ಕೂರಬೇಡಿ. ಕೊಡದಿದ್ದರೆ ಊರಿನ ಸಾರ್ವಜನಿಕ ಗ್ರಂಥಾಲಯ ಇದೆ.

ಯಾವುದನ್ನು ಮೊದಲು ಓದಬೇಕು? ಬಹಳ ಜನ ಸುಲಭದ ವಿಷಯದಿಂದ ಶುರು ಮಾಡುತ್ತಾರೆ. ಉಲ್ಟಾ ಮಾಡಿ. ಗಣಿತ, ಅಕೌಂಟೆನ್ಸಿ, ಸ್ಟ್ಯಾಟಿಸ್ಟಿಕ್ಸ್, ಪ್ರೋಗ್ರಾಮಿಂಗ್ ಥರ ಲೆಕ್ಕ ಇರುವ ವಿಷಯ ಮೊದಲು. ಅವು ಕೊನೆಯ ವಾರದಲ್ಲಿ ಓದಿದರೆ ತಲೆಗೆ ಹತ್ತುವುದಿಲ್ಲ, ಕೈ ಓಡಬೇಕು. ಆಮೇಲೆ ಅರ್ಥಶಾಸ್ತ್ರ, ಭೌತಶಾಸ್ತ್ರದಂಥವು. ಇತಿಹಾಸ, ಭಾಷೆ ಕೊನೆಗೆ.

ಒಂದು ಯೂನಿಟ್ ಓದುವ ಕ್ರಮ ಹೀಗೆ. ಮೊದಲು ಮೂರು ವರ್ಷದ ಪ್ರಶ್ನೆಪತ್ರಿಕೆಯಿಂದ ಆ ಯೂನಿಟ್ಟಿನ ಪ್ರಶ್ನೆಗಳನ್ನು ಒಂದು ಹಾಳೆಗೆ ಇಳಿಸಿ. ಆಮೇಲೆ ಪುಸ್ತಕ ತೆರೆಯಿರಿ. ಗುಂಪಿನಲ್ಲಿ ಒಬ್ಬರು ಆ ಯೂನಿಟ್ ಮೊದಲೇ ಓದಿಕೊಂಡು ಬಂದು ಉಳಿದವರಿಗೆ ಪಾಠ ಮಾಡಬೇಕು. ಬೋರ್ಡ್ ಮೇಲೆ ಬರೆದೇ ಮಾಡಬೇಕು. ಕೊನೆಗೆ ಎಲ್ಲರೂ ಪುಸ್ತಕ ಮುಚ್ಚಿ ಒಂದು ಪ್ರಶ್ನೆಗೆ ಉತ್ತರ ಬರೆದು ಹಾಳೆ ಬದಲಾಯಿಸಿಕೊಂಡು ತಿದ್ದಬೇಕು. ಕೊನೆಯ ಈ ಹೆಜ್ಜೆಯನ್ನು ಎಲ್ಲರೂ ಬಿಡುತ್ತಾರೆ. ಬಿಟ್ಟರೆ ಓದಿದ್ದು ಉಳಿಯುವುದಿಲ್ಲ.

ಕನ್ನಡ ಮಾಧ್ಯಮದವರಿಗೆ ಪುಸ್ತಕದ ತೊಂದರೆ ಜಾಸ್ತಿ. ಬಿಎ, ಬಿಕಾಂ ವಿಷಯಗಳಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪಾಠ ಪುಸ್ತಕ ಹುಡುಕಿ. ಮೇಷ್ಟ್ರಿಲ್ಲದೆ ಓದುವವರಿಗಾಗಿಯೇ ಬರೆದವು ಅವು, ನಿಮ್ಮ ಈಗಿನ ಸ್ಥಿತಿಗೆ ಹೊಂದುತ್ತವೆ. ನಿಮ್ಮೂರಲ್ಲಿ ಯಾರಾದರೂ ಅಲ್ಲಿ ಡಿಗ್ರಿ ಮಾಡಿದವರು ಇದ್ದೇ ಇರುತ್ತಾರೆ, ಕೇಳಿದರೆ ಕೊಡುತ್ತಾರೆ. ಇಂಗ್ಲಿಷ್ ಓದಲು ಬರುವವರಿಗೆ ಇಗ್ನೊ ವಿಶ್ವವಿದ್ಯಾಲಯದ ಇ-ಜ್ಞಾನಕೋಶದಲ್ಲಿ ಪುಸ್ತಕಗಳು ಉಚಿತ. ಬಿಎಸ್ಸಿಯವರಿಗೆ ಸ್ವಯಂ ಮತ್ತು ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠದ ಜಾಲತಾಣಗಳಲ್ಲಿ ವಿಡಿಯೊಗಳು ಇವೆ. ಆದರೆ ಪೂರ್ತಿ ಕೋರ್ಸ್ ನೋಡಲು ಕೂರಬೇಡಿ, ಸಿಲಬಸ್ಸಿನ ಆ ಒಂದು ವಿಷಯದ ವಿಡಿಯೊ ಮಾತ್ರ ನೋಡಿ. ಯೂಟ್ಯೂಬಿನಲ್ಲಿ ಬೇರೆ ವಿಶ್ವವಿದ್ಯಾಲಯದ ನೋಟ್ಸ್ ನೋಡಿ ತಪ್ಪು ಯೂನಿಟ್ ಓದಿದವರು ಬಹಳ ಜನ. ಪಕ್ಕದಲ್ಲಿ ಪ್ರಿಂಟ್ ಹಾಕಿಸಿದ ಸಿಲಬಸ್ ಇರಲಿ ಅಂದದ್ದು ಅದಕ್ಕೇ.

ಅರ್ಥವಾಗದ ಜಾಗಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಯುತ್ತಾ ಹೋಗಿ. ಮುಷ್ಕರದಲ್ಲಿರುವ ಮೇಷ್ಟ್ರಿಗೆ ದಿನಾ ಫೋನ್ ಮಾಡಿ ಪಾಠ ಕೇಳುವುದು ಸರಿಯಲ್ಲ, ಅವರನ್ನು ಇಕ್ಕಟ್ಟಿಗೆ ಸಿಲುಕಿಸಿದ ಹಾಗಾಗುತ್ತದೆ. ಆ ಪಟ್ಟಿ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಪ್ರಯೋಗ ಕಲಿಯುವ ಆಸೆಗೆ ಯಾರೂ ಇಲ್ಲದ ಕೆಮಿಸ್ಟ್ರಿ ಲ್ಯಾಬಿಗೆ ಹೋಗಿ ಆಸಿಡ್ ಮುಟ್ಟಬೇಡಿ. ಲ್ಯಾಬ್ ಅಟೆಂಡರ್ ಬಾಗಿಲು ತೆರೆದುಕೊಟ್ಟರೂ ಬೇಡ. ಪ್ರಯೋಗದ ವಿಧಾನ, ಲೆಕ್ಕ, ಚಿತ್ರ ಮಾತ್ರ ಬರೆದು ಸಿದ್ಧ ಇಡಿ.

ಹಂತ 7: ಕಚೇರಿ ಕೆಲಸ ಮರೆಯಬೇಡಿ

ಪಾಠ ನಿಂತರೂ ಪರೀಕ್ಷೆ ಅರ್ಜಿಯ ಗಡುವು ನಿಲ್ಲುವುದಿಲ್ಲ. ವಾರಕ್ಕೊಮ್ಮೆ ಯುಯುಸಿಎಂಎಸ್ ತೆರೆದು ನೋಡಿ. ಅರ್ಜಿಯಲ್ಲಿ ಆಯ್ಕೆ ವಿಷಯಗಳ ಕೋಡ್ ಸರಿಯಿದೆಯೇ ಒಂದೊಂದಾಗಿ ನೋಡಿ. ಬ್ಯಾಕ್‌ಲಾಗ್ ಪೇಪರುಗಳೂ ಸೇರಿವೆಯೇ ನೋಡಿ. ಫೀಸು ಕಟ್ಟಿದ ರಸೀದಿ ಪ್ರಿಂಟ್ ಫೈಲಿಗೆ ಹೋಗಲಿ.

ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ಸ್ಕಾಲರ್‌ಶಿಪ್ ಅರ್ಜಿಯೂ ಹಾಗೇ. ಕಾಲೇಜಿನಲ್ಲಿ ಪರಿಶೀಲನೆ ಬಾಕಿ ಅಂತ ತೋರಿಸಿದರೆ ಆ ಕೆಲಸ ನೋಡುವವರನ್ನು ಕಂಡು ಮಾತಾಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಹಾಸ್ಟೆಲಿನಲ್ಲಿ ಇರುವವರು ಹೇಳದೆ ಊರಿಗೆ ಹೋಗಬೇಡಿ. ಹಾಸ್ಟೆಲಿನ ಹಾಜರಿ ಬೇರೆ, ವಾರ್ಡನ್‌ಗೆ ಬರೆದುಕೊಟ್ಟು ಹೋಗಿ.

ಹಂತ 8: ಮುಷ್ಕರ ಮುಗಿಯುವ ಸುದ್ದಿ ಬಂದ ದಿನ

ಮುಷ್ಕರ ಮುಗಿಯುವುದು ಸಾಮಾನ್ಯವಾಗಿ ಸರ್ಕಾರದ ಒಂದು ಘೋಷಣೆಯಿಂದ. 2022ರ ಜನವರಿಯಲ್ಲಿ 11-13 ಸಾವಿರ ಇದ್ದ ಗೌರವಧನವನ್ನು 26-32 ಸಾವಿರಕ್ಕೆ ಏರಿಸಿದರು, ಜೊತೆಗೆ ಒಬ್ಬರಿಗೆ ವಾರಕ್ಕೆ 15 ತಾಸು ಕೆಲಸ ಅಂತ ಮಾಡಿದರು. ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ್ದು ಒಂದಿದೆ. ಒಬ್ಬರಿಗೆ ಹೆಚ್ಚು ತಾಸು ಕೊಟ್ಟರೆ ಬೇಕಾಗುವ ಜನ ಕಡಿಮೆ ಆಗುತ್ತಾರೆ. ಹಾಗಾಗಿ ಮುಷ್ಕರದ ನಂತರ ನಿಮ್ಮ ಹಳೆಯ ಉಪನ್ಯಾಸಕರೇ ಬರುತ್ತಾರೆ ಅಂತ ನಂಬಿ ಕೂರಬೇಡಿ. ಘೋಷಣೆ ಆದ ಮೇಲೂ ಕೆಲವರು ಕೂಡಲೇ ಬರುತ್ತಾರೆ, ಕೆಲವರು ಆದೇಶ ಕೈಗೆ ಬರಲಿ ಅಂತ ಕಾಯುತ್ತಾರೆ. ಒಂದು ವಿಷಯದ ಪಾಠ ಇವತ್ತು ಶುರುವಾದರೆ ಇನ್ನೊಂದರದು ವಾರದ ಮೇಲೆ.

ಟಿವಿಯಲ್ಲಿ ಸುದ್ದಿ ಬಂದ ಮರುದಿನ ಬೆಳಿಗ್ಗೆಯೇ ಕಾಲೇಜಿನಲ್ಲಿ ಇರಿ. ಊರಿನಲ್ಲಿ ಇರುವ ಗೆಳೆಯರಿಗೆ ಫೋನ್ ಮಾಡಿ ಕರೆಸಿ.

ಹಂತ 9: ಆ ಹದಿನೈದು ದಿನ

ಮೊದಲ ದಿನ ನೋಟಿಸ್ ಬೋರ್ಡ್ ನೋಡಿ, ಪ್ರತಿ ಉಪನ್ಯಾಸಕರನ್ನು ಕಂಡು ಮೂರು ಪ್ರಶ್ನೆ ಕೇಳಿ. ಟೆಸ್ಟ್ ಯಾವಾಗ, ಅಸೈನ್‌ಮೆಂಟ್ ಏನು, ಉಳಿದ ಯೂನಿಟ್‌ಗಳಲ್ಲಿ ಯಾವುದಕ್ಕೆ ಪಾಠ ಮಾಡುತ್ತಾರೆ. ಆಗ ನಿಮ್ಮ ಡೌಟಿನ ಪಟ್ಟಿ ಹೊರಗೆ ತೆಗೆಯಿರಿ. "ಮೇಡಂ, ಮೂರನೇ ಯೂನಿಟ್ ನಾವೇ ಓದೀವ್ರಿ, ಇವು ಆರು ತಿಳಿದಿಲ್ಲ. ನಾಲ್ಕನೇದು ನೀವು ಮಾಡ್ರಿ" ಅಂತ ತಂಗಿಯ ಗುಂಪು ಕೇಳಿತು. ಮೇಡಂ ಒಂದೇ ತಾಸಿನಲ್ಲಿ ಆರನ್ನೂ ಬಿಡಿಸಿದರು. ಇಡೀ ತರಗತಿಗೆ ಒಂದು ವಾರ ಉಳಿಯಿತು.

ಮೊದಲ ವಾರ ಪ್ರಾಕ್ಟಿಕಲ್‌ಗೆ ಮೊದಲ ಜಾಗ ಕೊಡಿ. ಥಿಯರಿ ರಾತ್ರಿ ಓದಬಹುದು, ಲ್ಯಾಬ್ ರಾತ್ರಿ ತೆರೆಯುವುದಿಲ್ಲ. ಪ್ರಯೋಗ ಮುಗಿದ ದಿನವೇ ಸಹಿ.

ಹೆಚ್ಚುವರಿ ತರಗತಿಯನ್ನು ಬೆಳಿಗ್ಗೆ ಎಂಟಕ್ಕೆ ಇಡುತ್ತಾರೆ. ಯಲಬುರ್ಗಾ, ದೇವದುರ್ಗ, ಸಿರುಗುಪ್ಪ ಕಡೆ ಹಳ್ಳಿಗಳಿಂದ ಬರುವವರಿಗೆ ಮೊದಲ ಬಸ್ಸೇ ಆ ಹೊತ್ತಿಗೆ ಮುಟ್ಟುವುದಿಲ್ಲ. ಮೊದಲ ದಿನವೇ ಬಸ್ಸಿನ ವೇಳೆ ಹೇಳಿ, ಮಧ್ಯಾಹ್ನದ ನಂತರ ಇಡಿಸಿಕೊಳ್ಳಿ. ಸುಮ್ಮನಿದ್ದು ತಪ್ಪಿಸಿದರೆ ಆ ತರಗತಿಯೂ ಹಾಜರಿ ಲೆಕ್ಕಕ್ಕೆ ಬರುತ್ತದೆ.

ಎರಡನೇ ವಾರದಲ್ಲಿ ಐಎ ಪಟ್ಟಿ. ಅಂಕ ವಿಶ್ವವಿದ್ಯಾಲಯಕ್ಕೆ ಅಪ್‌ಲೋಡ್ ಆಗುವ ಮುಂಚೆ ನೋಟಿಸ್ ಬೋರ್ಡಿಗೆ ಹಾಕಿ ಅಂತ ಕೇಳಿ. ಹಂತ 3ರಲ್ಲಿ ತೆಗೆದ ಫೋಟೋ ಜೊತೆ ತಾಳೆ ನೋಡಿ. ಸೊನ್ನೆ ಇದ್ದರೆ, ಖಾಲಿ ಇದ್ದರೆ ಅವತ್ತೇ ಬರೆದುಕೊಡಿ. ಅಪ್‌ಲೋಡ್ ಆದ ಮೇಲೆ ತಿದ್ದಿಸಲು ಕಾಲೇಜಿಗೂ ವಿಶ್ವವಿದ್ಯಾಲಯಕ್ಕೂ ತಿಂಗಳುಗಟ್ಟಲೆ ಓಡಾಡಬೇಕು.

ಕೈಮೀರುತ್ತಿದೆ ಅನ್ನುವ ಲಕ್ಷಣಗಳು

ಪರೀಕ್ಷೆಗೆ ಮೂರು ವಾರ ಇದ್ದು ಒಂದು ವಿಷಯಕ್ಕೆ ಇನ್ನೂ ಯಾರೂ ಬಂದಿಲ್ಲ ಅಂದರೆ, ಎರಡನೇ ಮನವಿ ನೇರ ಕುಲಸಚಿವರಿಗೆ ಹೋಗಲಿ. ಬೇರೆ ಕಾಲೇಜುಗಳ ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳಿ. ಒಂದು ಕಾಲೇಜಿನ ಮಾತಿಗೆ ಪರೀಕ್ಷೆ ಮುಂದೆ ಹೋಗುವುದಿಲ್ಲ. ಆದರೆ ಪರೀಕ್ಷೆ ಮುಂದೆ ಹೋಗುತ್ತದೆ ಅನ್ನುವ ವಾಟ್ಸಾಪ್ ಸುದ್ದಿ ನಂಬಿ ಓದು ನಿಲ್ಲಿಸಬೇಡಿ. ವಿಶ್ವವಿದ್ಯಾಲಯದ ಸಹಿ ಇರುವ ಸುತ್ತೋಲೆ ಕಣ್ಣಾರೆ ಕಾಣುವವರೆಗೆ ಹಳೆಯ ದಿನಾಂಕವೇ ನಿಜ.

ಶಾರ್ಟೇಜ್ ಪಟ್ಟಿಯಲ್ಲಿ ಹೆಸರು ಬಂದರೆ ದಿನಚರಿಯ ಆ ಎರಡೆರಡು ಸಾಲು ತೋರಿಸಿ, ಎಷ್ಟು ತರಗತಿ ನಡೆದವು ಅನ್ನುವ ಲೆಕ್ಕ ಬರಹದಲ್ಲಿ ಕೇಳಿ. ಕೊಡಲು ಒಪ್ಪದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 10 ರೂಪಾಯಿ ಫೀಸು, ಒಂದೇ ವಿಷಯ, 150 ಪದದೊಳಗೆ ಅರ್ಜಿ. ಉತ್ತರಕ್ಕೆ 30 ದಿನ ಇರುವುದರಿಂದ ಪರೀಕ್ಷೆಗೆ ಮುಂಚೆ ಬರುತ್ತದೆ ಅಂತ ಅದೊಂದನ್ನೇ ನಂಬಬೇಡಿ.

ಇನ್ನೊಂದು ಲಕ್ಷಣ ಮನೆಯಲ್ಲಿ ಕಾಣುತ್ತದೆ. "ಹೆಂಗೂ ಕ್ಲಾಸಿಲ್ಲ, ಕಾಲೇಜು ಬಿಡಿಸಿಬಿಡೋಣ, ಸಂಬಂಧ ನೋಡೋಣ" ಅನ್ನುವ ಮಾತು. ಹುಡುಗಿಯರಿಗೆ ಮುಷ್ಕರದ ದೊಡ್ಡ ಅಪಾಯ ಇದೇ ಅಂತ ನನ್ನ ಅನಿಸಿಕೆ. ಮನವಿಯ ಸೀಲಿನ ಪ್ರತಿ, ಫೀಸಿನ ರಸೀದಿ, ಪರೀಕ್ಷೆ ದಿನಾಂಕ ಅಪ್ಪ ಅವ್ವನಿಗೆ ತೋರಿಸಿ. ಕಾಲೇಜು ನಡೆಯುತ್ತಿದೆ ಅಂತ ಕಣ್ಣಿಗೆ ಕಾಣಬೇಕು. ಆಗದಿದ್ದರೆ ನೀವು ನಂಬುವ ಒಬ್ಬ ಮೇಡಂ ಹತ್ತಿರ ಮನೆಗೆ ಫೋನ್ ಮಾಡಿಸಿ. ಮನಸ್ಸು ಬಹಳ ಕುಗ್ಗಿ, ನಿದ್ದೆ ಬಾರದೆ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಪರೀಕ್ಷೆ ಮುಗಿದ ಮೇಲೆ ಫೈಲು ಬಿಸಾಡಬೇಡಿ. ಫಲಿತಾಂಶ ಬಂದ ದಿನ ಐಎ ಕಾಲಂ ಮೊದಲು ನೋಡಿ, ಆಮೇಲೆ ಒಟ್ಟು. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲು ಕೊಡುವ ದಿನಗಳು ಬಹಳ ಕಡಿಮೆ, ಫಲಿತಾಂಶದ ಜೊತೆಗೇ ಆ ದಿನಾಂಕವನ್ನೂ ಬರೆದುಕೊಳ್ಳಿ. ಎಲ್ಲ ಸರಿಯಿರುವ ಅಂಕಪಟ್ಟಿ ಕೈಗೆ ಬಂದ ಮೇಲೆ ಆ ಸಿಲಬಸ್, ಪ್ರಶ್ನೆಪತ್ರಿಕೆ, ನೋಟ್ಸ್ ಎಲ್ಲವನ್ನೂ ನಿಮ್ಮ ಕೆಳಗಿನ ಬ್ಯಾಚಿನ ಒಬ್ಬರ ಕೈಗೆ ಕೊಡಿ.